ಮೈಕ್ ದೂರ ಇದ್ದರೆ ಯಾವ ಸಾಫ್ಟ್‌ವೇರೂ ಕಾಪಾಡಲ್ಲ

ಈ ವಾರ ಒಂದಷ್ಟು ವಿದ್ಯಾರ್ಥಿಗಳ ಕಿರುಚಿತ್ರ ನೋಡಿದೆ. ಫ್ರೇಮು ಚೆನ್ನಾಗಿದೆ, ಬೆಳಕು ಚೆನ್ನಾಗಿದೆ, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗಿದೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಸರ್, 32 ಬಿಟ್ ಫ್ಲೋಟ್‌ನಲ್ಲೇ ರೆಕಾರ್ಡ್ ಮಾಡಿದ್ವಿ, ಆಮೇಲೆ ಎಐನಲ್ಲಿ ಕ್ಲೀನ್ ಮಾಡಿದ್ವಿ." ನನಗೆ ಸಿಟ್ಟು ಬಂತು. ಆ ಮಕ್ಕಳ ಮೇಲಲ್ಲ, ಅವರಿಗೆ ಹೀಗೆ ಹೇಳಿಕೊಟ್ಟವರ ಮೇಲೆ.

32 ಬಿಟ್ ಫ್ಲೋಟ್ ಅಂದರೆ ತೀರಾ ಮೆಲು, ತೀರಾ ಜೋರು ದನಿ ಎರಡನ್ನೂ ಹಿಡಿದಿಡುವ ರೆಕಾರ್ಡಿಂಗ್ ವಿಧಾನ. ಅದು ಕಾಪಾಡೋದು ಲೆವೆಲ್ ತಪ್ಪಿದಾಗ, ಅಷ್ಟೇ. ಪಿಸುಮಾತಾಡುತ್ತಿದ್ದ ನಟ ಏಕಾಏಕಿ ಕಿರುಚಿದರೆ ಸಾಧಾರಣ ಫೈಲಿನ ಮಿತಿಯಾದ 0 ಡಿಬಿ ದಾಟಿದ ಭಾಗವೂ ಫೈಲಿನಲ್ಲಿ ಉಳಿದಿರುತ್ತೆ, ಎಡಿಟ್‌ನಲ್ಲಿ ಗೇನ್ ಇಳಿಸಿದರೆ ಸರಿಹೋಗುತ್ತೆ. ಮೈಕೇ ತಡೆಯಲಾರದಷ್ಟು ಜೋರಾದರೆ ಒಡೆದ ದನಿಯೇ ದಾಖಲಾಗುತ್ತೆ. ಇನ್ನೊಂದು ವಿಷಯವನ್ನ ಯಾರೂ ಹೇಳಲ್ಲ. ಈಗ ಬರುತ್ತಿರುವ ಪುಟ್ಟ ವೈರ್‌ಲೆಸ್ ಮೈಕ್‌ಗಳಲ್ಲಿ ಫ್ಲೋಟ್ ಫೈಲ್ ಇರೋದು ಬಟ್ಟೆಗೆ ಸಿಕ್ಕಿಸಿದ ಟ್ರಾನ್ಸ್‌ಮಿಟರ್‌ನೊಳಗೆ. ಕೇಬಲ್ ಹಾಕಿ ಸಾಧಾರಣ ಕ್ಯಾಮೆರಾಗೆ ಕಳಿಸಿದ ದನಿ ಫ್ಲೋಟ್ ಅಲ್ಲ, ಅದು ಕ್ಲಿಪ್ ಆದರೆ, ಅಂದರೆ ಮಿತಿ ದಾಟಿ ಒಡೆದರೆ, ಮತ್ತೆ ಸರಿಹೋಗಲ್ಲ. ಆ ಒಳಗಿನ ಫೈಲನ್ನ ಶೂಟಿಂಗ್ ಮುಗಿದ ಕೂಡಲೇ ಕಾಪಿ ಮಾಡಿಕೊಳ್ಳಿ, ಎಂಪಿ3 ಮಾಡೋಕೆ ಹೋಗಬೇಡಿ.

ದೂರದ ವಿಷಯಕ್ಕೆ ಬರೋಣ, ನನ್ನ ತಕರಾರೆಲ್ಲ ಇರೋದು ಅಲ್ಲೇ. ಬಾಯಿಂದ ಅರ್ಧ ಮೀಟರ್ ಇದ್ದ ಮೈಕ್ 1 ಮೀಟರಿಗೆ ಹೋದರೆ ನೇರ ದನಿ 6 ಡಿಬಿ ಇಳಿಯುತ್ತೆ, 2 ಮೀಟರಿಗೆ ಹೋದರೆ ಮತ್ತೆ 6. ಕೋಣೆಯ ಗುಂಯ್ ಮಾತ್ರ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತೆ. ನಮ್ಮ ಮನೆಗಳಲ್ಲಿ ಟೈಲ್ಸ್ ನೆಲ, ಬೋಳು ಗೋಡೆ, ಆರ್‌ಸಿಸಿ ತಾರಸಿ, ಎಲ್ಲ ಕಡೆಯಿಂದಲೂ ದನಿ ವಾಪಸ್ ಬರುತ್ತೆ. ಹಾಗೆ ಮಾತಿಗೆ ಬೆರೆತ ಗುಂಯನ್ನ ಯಾವ ಬಿಟ್ಟೂ ಬೇರ್ಪಡಿಸಲ್ಲ. ಫ್ರೇಮಿಗೆ ಕಾಣದಷ್ಟು ಮೇಲೆ, ತಲೆಗೆ ಆದಷ್ಟು ಹತ್ತಿರ ಬೂಮ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ಹಿಡಿದು, ತುದಿಯನ್ನ ಎದೆಯ ಕಡೆ ತಿರುಗಿಸಿ. ಕ್ಯಾಮೆರಾ ಹಿಂದೆ ಎರಡು ಜಮಖಾನ ನೇತುಹಾಕಿ, ನೆಲಕ್ಕೆ ದಪ್ಪ ರಜಾಯಿ ಹಾಸಿ. ಫ್ಯಾನ್ ನಿಲ್ಲಿಸಿ, ಫ್ರಿಜ್ ಆಫ್ ಮಾಡಿ. ಫ್ರಿಜ್ ಆಫ್ ಮಾಡಿದವರ ಬೈಕಿನ ಕೀಲಿಯನ್ನ ಅದರೊಳಗೇ ಇಡಿ, ಮನೆಗೆ ಹೊರಡೋ ಮುಂಚೆ ಮತ್ತೆ ಆನ್ ಮಾಡೋದು ಮರೆಯಲ್ಲ.

ಕಾಲರ್ ಮೈಕಾದರೆ ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಬಟ್ಟೆಯೊಳಗೆ ಬಚ್ಚಿಡಬೇಕಾದರೆ ಮೆಡಿಕಲ್ ಶಾಪಿನ ಪ್ಲಾಸ್ಟರನ್ನ ಅಂಟು ಹೊರಗೆ ಬರುವ ಹಾಗೆ ತ್ರಿಕೋನವಾಗಿ ಮಡಚಿ. ಅಂಥ ಎರಡರ ನಡುವೆ ಮೈಕ್ ಇಟ್ಟು ಒಂದು ಬದಿ ಚರ್ಮಕ್ಕೆ, ಇನ್ನೊಂದು ಬದಿ ಬಟ್ಟೆಗೆ ಅಂಟಿಸಿ. ಬಟ್ಟೆ ಮೈಕಿಗೆ ಉಜ್ಜಿದಾಗ ಬರೋ ಕರಕರ ಇದರಿಂದ ನಿಲ್ಲುತ್ತೆ. ವೈರನ್ನ ಒಂದು ಸುತ್ತು ಸಡಿಲ ಬಿಟ್ಟು ಟೇಪ್ ಹಾಕಿ. ಗಂಜಿ ಹಾಕಿದ ಕಾಟನ್ ಸೀರೆ, ಹೊಸ ಪಾಲಿಯೆಸ್ಟರ್ ಶರ್ಟು ಬೇಡವೇ ಬೇಡ. ಒಂದು ಸಲ ಒಗೆದ ಬಟ್ಟೆಯೇ ವಾಸಿ.

"ಈಗ ಎಐ ಎಲ್ಲಾ ತೆಗೆಯುತ್ತಲ್ಲ?" ಅಂತೀರಿ. ಒಂದೇ ಹದದಲ್ಲಿ ಕೇಳುವ ಫ್ಯಾನಿನ ಸದ್ದು, ದೂರದ ಟ್ರಾಫಿಕ್ ಸದ್ದನ್ನ ತೆಗೆಯುತ್ತೆ, ಒಪ್ಪಿದೆ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಮಾತನ್ನ ಸದ್ದಿನಿಂದ ಬಿಡಿಸುವ ವಾಯ್ಸ್ ಐಸೊಲೇಷನ್ ಒಳ್ಳೆಯದೇ, ಅದು ಸಿಗೋದು ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ. ಆದರೆ ಪೂರ್ತಿ ಏರಿಸಿಟ್ಟರೆ ಮೆಲುದನಿಯ ಕೊನೆ ಅಕ್ಷರಗಳನ್ನ ನುಂಗುತ್ತೆ. "ಬರ್ತೀನಿ" ಅಂದದ್ದು "ಬರ್ತೀ" ಆಗುತ್ತೆ, ಉಸಿರು ಕಾಣೆಯಾಗುತ್ತೆ, ಸಾಲು ಸಾಲಿನ ನಡುವೆ ಸತ್ತ ಮೌನ. ಅರ್ಧಕ್ಕಿಂತ ಕಮ್ಮಿ ಇಟ್ಟು, ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನೆ ನಿಂತು ಹಿಡಿದ 30 ಸೆಕೆಂಡಿನ ರೂಮ್ ಟೋನ್, ಅಂದರೆ ಆ ಜಾಗದ ಬರೀ ಸದ್ದು, ಮಾತಿನ ಕೆಳಗೆ ಹಾಕಿ. ಇನ್ನು ಡಬ್ಬಿಂಗ್ ಮಾಡಿದರಾಯ್ತು ಅನ್ನುವವರಿಗೆ: ತುಟಿಗೆ ತುಟಿ ಹೊಂದಿಸಿ ಅದೇ ಭಾವದಲ್ಲಿ ಮತ್ತೆ ಹೇಳೋದು ಪಳಗಿದ ನಟರಿಗೇ ಕಷ್ಟ, ಮೊದಲ ಸಲ ನಟಿಸುವ ಹಾಸ್ಟೆಲ್ ಗೆಳೆಯನಿಗೆ ಆಗುತ್ತಾ?

ಸಿಂಕ್, ಅಂದರೆ ತುಟಿಗೂ ದನಿಗೂ ಹೊಂದಿಕೆ, ಅದರ ಬಗ್ಗೆ ಎರಡೇ ಮಾತು. ಫೋನುಗಳು ಬೆಳಕು ಕಮ್ಮಿಯಾದಾಗ ಫ್ರೇಮ್ ರೇಟನ್ನ ತಾವೇ ಬದಲಿಸುತ್ತವೆ, ಅದಕ್ಕೇ ಟೇಕಿನ ಶುರುವಿನಲ್ಲಿ ಸರಿಯಿದ್ದ ತುಟಿ ಕೊನೆಗೆ ಜಾರುತ್ತೆ. ಫ್ರೇಮ್ ರೇಟನ್ನ ನಾವೇ ಇಟ್ಟುಕೊಳ್ಳಬಹುದಾದ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಡಿ, ನಮ್ಮ 50 ಹರ್ಟ್ಸ್ ಕರೆಂಟಿಗೆ ಟ್ಯೂಬ್‌ಲೈಟ್ ಮಿಟುಕುವುದೂ ತಪ್ಪುತ್ತೆ. ಆಡಿಯೋ 48 ಕಿಲೋಹರ್ಟ್ಸ್. ಪ್ರತಿ ಟೇಕಿಗೂ ಕ್ಲ್ಯಾಪ್, ಬೋರ್ಡ್ ಇಲ್ಲದಿದ್ದರೆ ಕೈಚಪ್ಪಾಳೆಯೇ ಸಾಕು.

ಮುಂದಿನ ತಿಂಗಳು ಶೂಟ್ ಇಟ್ಟುಕೊಂಡವರು ಲೆನ್ಸ್ ಬಾಡಿಗೆಗೆ ಫೋನ್ ಮಾಡೋ ಮುಂಚೆ ಬೂಮ್ ಹಿಡಿಯೋರು ಯಾರು ಅಂತ ತೀರ್ಮಾನ ಮಾಡಿ. ಅವರಿಗೆ ಬೇರೆ ಕೆಲಸ ಹೇಳಬೇಡಿ, ವೈರ್ ಇರುವ ಹೆಡ್‌ಫೋನ್ ಕೊಡಿ. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುತ್ತೆ. ದನಿ ಸರಿಯಿಲ್ಲ ಅಂತ ಅವರು ಕೈ ಎತ್ತಿದರೆ, ನಟನೆ ಎಷ್ಟೇ ಚೆನ್ನಾಗಿ ಬಂದಿರಲಿ, ಇನ್ನೊಂದು ಟೇಕ್ ತಗೊಳ್ಳಿ.