ಹೆಂಗಸರ ಮೂತ್ರದ ತೊಂದರೆ: ಪ್ರಶ್ನಾವಳಿಯನ್ನು ನೆಚ್ಚಬಹುದೆ?

ಪರ

ಬೆನ್ನುನೋವು, ಸುಸ್ತು ಎಂದು ಬಂದವಳು ಚೀಟಿ ಬರೆಸಿಕೊಂಡು ಹೊರಡುವಾಗ ಬಾಗಿಲ ಬಳಿ ನಿಂತು, ‘ಇನ್ನೊಂದಿತ್ತು ಮೇಡಂ’ ಎನ್ನುತ್ತಾಳೆ. ಕೆಮ್ಮಿದರೆ, ಬಿಂದಿಗೆ ಎತ್ತಿದರೆ ಬಟ್ಟೆ ಒದ್ದೆ. ಎರಡನೇ ಹೆರಿಗೆಯಿಂದಲೂ ಹೀಗೆ. ‘ಹೆತ್ತವರಿಗೆಲ್ಲ ಇದ್ದದ್ದೇ’ ಎಂದು ಮನೆಯವರು ಹೇಳಿದ್ದಕ್ಕೆ ಸುಮ್ಮನಿದ್ದಳು. ಬಾಗಿಲ ಬಳಿ ನಿಲ್ಲದೆ ಹೋಗಿಬಿಡುವವರು ಎಷ್ಟೋ ಮಂದಿ. ಅವರಿಗಾಗಿ ನನಗೆ ಪ್ರಶ್ನಾವಳಿ ಬೇಕು.

ಮೂತ್ರ ಸೋರಿಕೆ ಎಷ್ಟಿದೆಯೆಂದು ತಿಳಿಯಲು ಬಳಸುವ ಐಸಿಐಕ್ಯೂ ಪ್ರಶ್ನಾವಳಿಯ ಕಿರುರೂಪದಲ್ಲಿ ನಾಲ್ಕೇ ಪ್ರಶ್ನೆ: ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಸಲ ಸೋರಿತು, ಎಷ್ಟು ಸೋರಿತು, ದಿನದ ಬದುಕಿಗೆ ಎಷ್ಟು ಅಡ್ಡಿ, ಯಾವಾಗ ಸೋರುತ್ತದೆ. ಮೊದಲ ಮೂರಕ್ಕೆ ಸೇರಿ 21 ಅಂಕ. ಅದರಲ್ಲಿ 10 ಅಡ್ಡಿಯ ಪ್ರಶ್ನೆಗೇ. ಇದು ನ್ಯಾಯವಾದ ಲೆಕ್ಕ. ನಾಲ್ಕು ಹನಿ ಸೋರಿದ್ದಕ್ಕೆ ಮೈಲಿಗೆಯಾಯಿತೆಂದು ದೇವರಮನೆಗೆ ಕಾಲಿಡುವುದನ್ನೇ ಬಿಟ್ಟವಳ ಸಂಕಟ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಮೂರು ತಿಂಗಳು, ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಮಾಡಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಗುಣ ಕಂಡಿದೆಯೋ ಇಲ್ಲವೋ ಅವಳಿಗೂ ತಿಳಿಯುತ್ತದೆ.

ನಳಿಕೆ ಹಾಕಿ ಮೂತ್ರಕೋಶದ ಒತ್ತಡ ಅಳೆಯುವ ಯುರೋಡೈನಾಮಿಕ್ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಕೆಮ್ಮಿದಾಗ ಸೋರುವ, ಬೇರೆ ತೊಡಕಿಲ್ಲದ 630 ಹೆಂಗಸರನ್ನು ಕುರಿತು ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಅದನ್ನು ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ವರ್ಷದ ಮೇಲೆ ಸಿಕ್ಕ ಫಲ ಹೆಚ್ಚುಕಡಿಮೆ ಒಂದೇ.

ವಿರೋಧ

ಆ 630 ಮಂದಿಯನ್ನು ಬರೀ ಪ್ರಶ್ನೆ ಕೇಳಿ ಆರಿಸಿರಲಿಲ್ಲ. ಕೆಮ್ಮಿಸಿ, ಸೋರುವುದನ್ನು ಕಣ್ಣಾರೆ ಕಂಡಿದ್ದರು. ಮೂತ್ರ ಪರೀಕ್ಷಿಸಿದ್ದರು. ಹೊಯ್ದ ಮೇಲೆ ಒಳಗೆ ಎಷ್ಟು ಉಳಿಯಿತೆಂದು ಅಳೆದಿದ್ದರು. ಗಿಜಿಗುಡುವ ಓಪಿಡಿಯಲ್ಲಿ ಕಾಗದ ತುಂಬಿಸಿಕೊಂಡ ಮೇಲೆ ಬಿಟ್ಟುಹೋಗುವುದು ಇವೇ ಎಂಬುದು ನನ್ನ ಭಯ.

ಬಹುಕಾಲದ ಸಕ್ಕರೆ ಕಾಯಿಲೆಯಿಂದ ಮೂತ್ರಕೋಶದ ನರ ಸೋತವಳನ್ನು ನೋಡಿ. ಕೋಶ ಪೂರ್ತಿ ಖಾಲಿಯಾಗದೆ, ತುಂಬಿ ತುಳುಕಿ ಹನಿಯುತ್ತದೆ.

‘ಪದೇಪದೇ ಹೋಗ್ತೀರಾ?’

‘ಹೂಂ.’

‘ಸೋರುತ್ತಾ?’

‘ಹೂಂ.’

ಎರಡೂ ನಿಜ. ಅಷ್ಟನ್ನೇ ನಂಬಿ ಮೂತ್ರಕೋಶ ಸಡಿಲಿಸುವ ಮಾತ್ರೆ ಬರೆದರೆ, ಕಟ್ಟಿದ ಮೂತ್ರ ಇನ್ನೂ ಕಟ್ಟಿಕೊಳ್ಳುತ್ತದೆ. ಕಿಬ್ಬೊಟ್ಟೆ ಮುಟ್ಟಿ ನೋಡಿ, ಒಂದು ಸ್ಕ್ಯಾನ್ ಮಾಡಿಸಿದ್ದರೆ ತಿಳಿಯುತ್ತಿತ್ತು.

ಇನ್ನು, ಎಲ್ಲ ಪ್ರಶ್ನಾವಳಿಯೂ ಹೆಂಗಸರಿಗೆಂದು ಹುಟ್ಟಿದ್ದಲ್ಲ. ಅಮೆರಿಕದ ಯುರಾಲಜಿ (ಮೂತ್ರರೋಗ ತಜ್ಞರ) ಸಂಘ 1992ರಲ್ಲಿ ತಂದ ಏಳು ಪ್ರಶ್ನೆಗಳು ಪ್ರಾಸ್ಟೇಟ್ ಗ್ರಂಥಿ ದಪ್ಪಗಾದ ಗಂಡಸರಿಗಾಗಿ ಮಾಡಿದವು. ಅವನ್ನೇ ಹೆಂಗಸರಿಗೂ ಕೇಳುವುದುಂಟು. ಅದರಲ್ಲಿ ಸೋರಿಕೆಯ ಪ್ರಶ್ನೆಯೇ ಇಲ್ಲ!

ಓದಲು ಬಾರದವರಿಗೆ ನರ್ಸ್ ಓದಿ ಹೇಳಬೇಕು. ‘ಸ್ವಲ್ಪವೋ, ಮಧ್ಯಮವೋ, ಬಹಳವೋ?’ ಹಳೆ ಸೀರೆಯ ತುಂಡು ಮಡಿಚಿಟ್ಟುಕೊಂಡು ದಿನ ದೂಡುವವಳಿಗೆ ಯಾವುದು ಮಧ್ಯಮ? ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿದ್ದಾರೆ. ಅವಳು ಸೆರಗು ಸರಿಮಾಡಿಕೊಂಡು, ‘ಹಾಗೇನಿಲ್ಲ ಸಿಸ್ಟರ್’ ಎನ್ನುತ್ತಾಳೆ. ಕಾಗದದಲ್ಲಿ ಸೊನ್ನೆ ಬೀಳುತ್ತದೆ. ಆ ಸೊನ್ನೆ ಕೇಸ್ ಶೀಟಿಗೆ ಸೇರಿದ ಮೇಲೆ ಅವಳನ್ನು ಮತ್ತೆ ಕೇಳುವವರು ಯಾರು?