ಹಳದಿ ದೀಪಕ್ಕೊಂದು ಟಿಕಳಿ

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಕಾಳಿನ ಪೇಟೆ ನೆಹರೂ ಗಂಜಿನ ಮುಂದೆ ಸಾಲುಗಟ್ಟಿ ನಿಂತ ಹಳೇ ಪಿಕಪ್‌ಗಳೊಳಗೆ ಒಮ್ಮೆ ಇಣುಕಿ ನೋಡಿ. ಡ್ಯಾಶ್‌ಬೋರ್ಡಿನ ಮೇಲೆ ಶರಣಬಸವೇಶ್ವರರ ಫೋಟೊ, ಅದಕ್ಕೊಂದು ಒಣಗಿದ ಹಾರ, ಮೀಟರಿನ ಗಾಜಿನ ಮೇಲೊಂದು ಟಿಕಳಿ. ಟಿಕಳಿ ಭಕ್ತಿಗೆ ಅಂಟಿಸಿದ್ದಲ್ಲ. ಅದರ ಹಿಂದೆ, ಗಾಲಿ ಲಾಕ್ ಆಗಿ ಜಾರದಂತೆ ಬ್ರೇಕನ್ನು ಬಿಟ್ಟು ಹಿಡಿಯುವ ಎಬಿಎಸ್ ಕೆಟ್ಟಿದೆ ಅನ್ನುವ ಹಳದಿ ದೀಪ ಉರಿಯುತ್ತಿದೆ. ನಿನ್ನೆ ಮೊನ್ನೆಯಿಂದಲ್ಲ, ಹೋದ ವರ್ಷದ ಜಾತ್ರೆಯಿಂದ.

ಕಾಯಿಲೆ ಶುರುವಾಗುವುದು ದೀಪ ಹತ್ತುವುದಕ್ಕೂ ಮುಂಚೆ. ಗಂಜಿನ ಗೇಟು ಬಂತು, ಗಾಡಿ ಎಂಟು-ಹತ್ತು ಕಿಲೋಮೀಟರ್ ವೇಗಕ್ಕೆ ಇಳಿದಿದೆ, ಡ್ರೈವರ್ ಮೆಲ್ಲಗೆ ಬ್ರೇಕ್ ಒತ್ತಿದ. ಪೆಡಲ್ ಕಾಲಡಿ ಕಟಕಟ ಒದೆಯುತ್ತದೆ, ಗಾಡಿ ನಿಲ್ಲುವ ಬದಲು ಮುಂದಿನ ಗಾಡಿಯ ಡಾಲಾಕ್ಕೆ ಮುತ್ತಿಡುತ್ತದೆ. "ನಾ ಬ್ರೇಕ್ ಹಾಕೀನ್ರಿ, ಗಾಡೀನೇ ಕೇಳ್ಲಿಲ್ಲ ನೋಡ್ರಿ" ಅನ್ನುತ್ತಾನೆ. ಸುಳ್ಳಲ್ಲ. ಗಾಲಿಯ ಪಕ್ಕದಲ್ಲಿ ಒಂದು ಸೆನ್ಸರ್ ಇದೆ: ಒಳಗೆ ಆಯಸ್ಕಾಂತ, ಸುತ್ತ ತಂತಿಯ ಸುರುಳಿ. ಎದುರಿಗೆ ಹಲ್ಲಿನ ಉಂಗುರ ತಿರುಗಿದಾಗ ಒಂದಿಷ್ಟು ಕರೆಂಟು ಹುಟ್ಟುತ್ತದೆ. ಎರಡರ ನಡುವಿನ ಸಂದು ಸುಮಾರು ಒಂದು ಮಿಲಿಮೀಟರ್. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿ ಅದನ್ನು ಮೇಲೆತ್ತಿತೋ, ಸಂದು ಹೆಚ್ಚಿತು. ಗಾಲಿ ನಿಧಾನವಾದಾಗ ಮೊದಲೇ ಸಣ್ಣದಾದ ಸಿಗ್ನಲ್ ಪೂರ್ತಿ ಸತ್ತೇ ಹೋಗುತ್ತದೆ. 'ಗಾಲಿ ಲಾಕ್ ಆಯ್ತು' ಎಂದುಕೊಂಡ ಕಂಪ್ಯೂಟರು ಪಾಪ, ಬ್ರೇಕ್ ಬಿಡುತ್ತದೆ.

ಅಮೆರಿಕದಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿನ ಒಂದು ಕಂಪನಿ 2005ರಲ್ಲಿ ಇದೇ ತುಕ್ಕಿಗಾಗಿ ಪಿಕಪ್‌ಗಳನ್ನು ವಾಪಸ್ ಕರೆಸಿ ಸೆನ್ಸರ್ ಜಾಗ ಸ್ವಚ್ಛ ಮಾಡಿಕೊಡಬೇಕಾಯಿತು. ನಮ್ಮಲ್ಲಿ ಉಪ್ಪಿಲ್ಲ. ಶಹಾಬಾದ್ ಕಲ್ಲಿನ ಪುಡಿ, ಮಳೆಗಾಲದ ಎರೆಮಣ್ಣು, ಬ್ರೇಕಿನ ಕಬ್ಬಿಣದ ಹುಡಿ ಇವೆ. ಹುಡಿಯಂತೂ ಆಯಸ್ಕಾಂತಕ್ಕೆ ಅಂಟಿ ಗಡ್ಡ ಬಿಟ್ಟಿರುತ್ತದೆ.

ಕೆಲವು ದಿನ ಹೀಗೆ ಒದ್ದಾಡಿದ ಮೇಲೆ ಕಂಪ್ಯೂಟರಿಗೇ ಅನುಮಾನ ಬಂದು ದೀಪ ಹಚ್ಚಿ ಎಬಿಎಸ್ಸನ್ನು ಬಂದ್ ಮಾಡುತ್ತದೆ. ಆಗ ಕಟಕಟ ನಿಲ್ಲುತ್ತದೆ, ಸಾದಾ ಬ್ರೇಕ್ ಕೆಲಸ ಮಾಡುತ್ತದೆ. ಡ್ರೈವರ್ ಖುಷ್. "ಬ್ರೇಕ್ ಈಗ ಭಾಳ ಚಲೋ ಆಗ್ಯಾವ್ರಿ!" ಉಳಿದದ್ದು ದೀಪದ ಉಪದ್ರವ ಒಂದೇ.

ಇಲ್ಲಿ ಗ್ಯಾರೇಜಿನ ಉಸ್ತಾದರ ಪ್ರವೇಶ. ಕಣ್ಣು ಕಿರಿದು ಮಾಡಿ ದೀಪ ನೋಡುತ್ತಾರೆ, ಗಾಲಿಯ ಕಡೆ ತಿರುಗುವುದೂ ಇಲ್ಲ. "ಬ್ರೇಕ್ ಹತ್ತತದ ಇಲ್ರಿ ಸಾವ್ಕಾರ್ರೆ? ಮತ್ಯಾಕ ಚಿಂತಿ? ನಡಿತದ ಬಿಡ್ರಿ." ಮೊದಲನೇ ಹಂತದ ಚಿಕಿತ್ಸೆ ಟಿಕಳಿ. ಬಿಸಿಲಿಗೆ ಅಂಟು ಬಿಟ್ಟು ಅದು ಉದುರಿದರೆ ಕರೀ ಟೇಪಿನ ತುಂಡು, ಉಗುರಿನಷ್ಟೇ, ಅಳತೆ ಕೆಡದ ಹಾಗೆ. ಮೂರನೇ ಹಂತಕ್ಕೆ ಮೀಟರ್ ಬಿಚ್ಚಿ ಬಲ್ಬನ್ನೇ ಕೀಳುತ್ತಾರೆ. ಆದರೆ ಗಾಡಿಗೆ ಎಂಟು ವರ್ಷ ದಾಟಿದರೆ ಪಾಸಿಂಗು, ಅಂದರೆ ಫಿಟ್‌ನೆಸ್ ತಪಾಸಣೆ, ವರ್ಷಕ್ಕೊಮ್ಮೆ. ಅಲ್ಲಿ ಕೀಲಿ ತಿರುವಿದಾಗ ದೀಪ ಒಮ್ಮೆ ಹತ್ತಿ ಆರಬೇಕು. ಅದಕ್ಕೂ ಅವರಲ್ಲಿ ಮದ್ದುಂಟು: ಎಬಿಎಸ್ ದೀಪದ ವೈರನ್ನು ಆಯಿಲ್ ದೀಪಕ್ಕೆ ಜೋಡಿಸುವುದು. ಕೀಲಿ ತಿರುವಿದರೆ ಎರಡೂ ಹತ್ತುತ್ತವೆ, ಎಂಜಿನ್ ಶುರುವಾದರೆ ಎರಡೂ ಆರುತ್ತವೆ, ಅವಳಿ ಮಕ್ಕಳ ಹಾಗೆ. ಮೀಟರಿನ ಹಿಂದೆ ತಲೆಕೆಳಗಾಗಿ ಮಲಗಿ ಅರ್ಧ ದಿನ ಆ ವೈರು ಹುಡುಕುತ್ತಾರೆ. ಸೆನ್ಸರ್ ಬಿಚ್ಚಲು ಬೇಕಾದದ್ದು ಒಂದೇ ಒಂದು ಬೋಲ್ಟು ಸಡಿಲಿಸುವ ಪಾನಾ.

ಖರೇ ರಿಪೇರಿ ಹೀಗೆ. ಸೆನ್ಸರನ್ನು ಸುತ್ತಿಗೆಯಿಂದ ಹೊಡೆಯಬೇಡಿ, ಪ್ಲಾಸ್ಟಿಕ್ ಮುರಿದು ಅರ್ಧ ಗಾಲಿಯ ಹಬ್ಬಿನಲ್ಲೇ ಉಳಿಯುತ್ತದೆ. ತುಕ್ಕಿಗೆ ಎಣ್ಣೆ ಬಿಟ್ಟು ಸ್ವಲ್ಪ ಕಾದು, ಅತ್ತಿತ್ತ ತಿರುವುತ್ತ ಎಳೆಯಿರಿ. ಕೂರುವ ಜಾಗವನ್ನು ಪಾಲಿಶ್ ಪೇಪರಿನಿಂದ ಹೊಳೆಯುವಂತೆ ಉಜ್ಜಿ. ಸೆನ್ಸರಿನ ತುದಿಯನ್ನಲ್ಲ, ಅದನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಉಂಗುರದ ಹಲ್ಲುಗಳಿಗೆ ತಂತಿ ಬ್ರಷ್ ಹಾಕಿ, ಬಿರುಕಿದೆಯೇ ನೋಡಿ. ಎರಡು ವೈರಿನ ಹಳೇ ಸೆನ್ಸರಾದರೆ ಮಲ್ಟಿಮೀಟರ್ ಹಚ್ಚಿದಾಗ ಸಾಮಾನ್ಯವಾಗಿ ಸಾವಿರ ಓಮ್‌ನ ಆಸುಪಾಸು ತೋರುತ್ತದೆ. ಅಂಕಿಗಿಂತ ಎಡ-ಬಲಗಳ ಹೋಲಿಕೆ ಮುಖ್ಯ. ಒಂದು ಕಡೆ ಏನೂ ತೋರದಿದ್ದರೆ ವೈರು ತುಂಡಾಗಿದೆ. ಗಾಡಿ ಹೊಲದಲ್ಲಿ ನಿಲ್ಲುವುದಾದರೆ ಮೊದಲ ಅನುಮಾನ ಇಲಿಯ ಮೇಲೆ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಗಾಲಿಯನ್ನು ಕೈಯಿಂದ ತಿರುವಿದರೆ ಮಿಲಿವೋಲ್ಟ್ ಏರಬೇಕು. ಎಲ್ಲ ಸರಿಯಿದ್ದೂ ದೀಪ ಆರದಿದ್ದರೆ ಬೇರಿಂಗ್ ಅಲುಗಾಡುತ್ತದೆಯೇ ನೋಡಿ, ಇಲ್ಲವೇ ಟೈರು ನೋಡಿ: ಒಂದು ಹೊಸದು, ಒಂದು ಮೇಲ್ಪದರ ಮತ್ತೆ ಹಾಕಿಸಿದ ರಿಸೋಲು, ಒಂದು ಬೇರೆ ಸೈಜು. ನಾಲ್ಕು ಗಾಲಿ ನಾಲ್ಕು ವೇಗ ಹೇಳಿದರೆ ಕಂಪ್ಯೂಟರ್ ಯಾರನ್ನು ನಂಬಬೇಕು?

ಇಷ್ಟು ಮಾಡಿಕೊಟ್ಟರೂ ಹಳೇ ಕೈಗಳು ಹಳೇ ಅಭ್ಯಾಸ ಬಿಡುವುದಿಲ್ಲ. ಎಬಿಎಸ್ ಇದ್ದರೆ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಇವರು ಲಾರಿಯ ಕಾಲದ ಹಾಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಪಂಪ್ ಹೊಡೆಯುತ್ತಾರೆ. ಆ ಕಾಲದಲ್ಲಿ ಕಾಲೇ ಎಬಿಎಸ್. ಏರಿನಲ್ಲಿ ಗಾಡಿ ನಿಂತರೆ ಕ್ಲೀನರ್ ಹುಡುಗ ಕಟ್ಟಿಗೆಯ ತುಂಡು ಹಿಡಿದು ಜಿಗಿದು ಹಿಂದಿನ ಗಾಲಿಗೆ ಒಡ್ಡುತ್ತಿದ್ದ, ಬಾಗಿಲು ಬಡಿದು "ಹೋಲ್ಡಾನ್" ಅನ್ನುತ್ತಿದ್ದ. ಬಿಸಿಲಿಗೆ ಕರ್ರಗಾದ ಆ ಹುಡುಗನಿಗೆ ಪಿಕಪ್‌ನಲ್ಲಿ ಜಾಗವಿಲ್ಲ. ಅವನ ಸೀಟಿನಲ್ಲಿ ಈಗ ಎರಡು ಚೀಲ ತೊಗರಿ.

ಹಳೇ ಗಾಡಿ ಕೊಳ್ಳುವವರಿದ್ದರೆ ಕೀಲಿ ತಿರುವಿ, ಎಂಜಿನ್ ಹಚ್ಚಬೇಡಿ, ದೀಪಗಳನ್ನು ಎಣಿಸಿ. ಎಬಿಎಸ್ ದೀಪ ಹತ್ತದಿದ್ದರೆ ಉಸ್ತಾದರ ಕೈ ಆಡಿದೆ. ಹತ್ತಿದರೆ ಎಂಜಿನ್ ಹಚ್ಚಿ. ಅದು ಆಯಿಲ್ ದೀಪದ ಜೊತೆಗೇ, ಅದೇ ಕ್ಷಣಕ್ಕೆ ಆರಿತೇ ನೋಡಿ. ಮಾರುವವನ ಮುಖವನ್ನೂ. "ಒಂದೂ ದೀಪ ಇಲ್ರಿ, ಗಾಡಿ ಫಸ್ಟ್ ಕ್ಲಾಸ್" ಅನ್ನುತ್ತಿರುತ್ತಾನೆ, ಮೀಟರಿನ ಗಾಜಿನ ಮೇಲೆ ಉಳಿದ ಅಂಟಿನ ದುಂಡನೆಯ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ.