ಉಪಯೋಗ ಕೇಳುವ ಮಹಾನುಭಾವರೇ

ಇವತ್ತು ಶಿವಮೊಗ್ಗದ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಮನೆಗೆ ಬಂದು ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಹೊಸನಗರ ಕಡೆಯ ಹುಡುಗಿ. ಪಿಯುಸಿ ಇರಬೇಕು. ನ್ಯೂಟ್ರಿನೊ ಬಗ್ಗೆ, ಅಂದರೆ ಯಾವುದಕ್ಕೂ ಹೆಚ್ಚುಕಮ್ಮಿ ತಾಗದೆ ದಾಟಿ ಹೋಗೋ ಅತಿ ಸಣ್ಣ ಕಣದ ಬಗ್ಗೆ, ಕೈಯಲ್ಲೇ ಚಾರ್ಟ್ ಬರೆದು ತಂದಿದ್ದಳು. ಹೆಬ್ಬೆರಳು ಎತ್ತಿ ತೋರಿಸಿ, "ಸೂರ್ಯನಿಂದ ಬರೋ ನ್ಯೂಟ್ರಿನೊ ಸಾರ್, ಹೆಚ್ಚುಕಮ್ಮಿ ಈ ಉಗುರಿನಷ್ಟು ಜಾಗದಲ್ಲೇ ಸೆಕೆಂಡಿಗೆ 6,500 ಕೋಟಿ ದಾಟಿ ಹೋಗ್ತವೆ. ನಮಗೆ ಗೊತ್ತೇ ಆಗಲ್ಲ" ಅಂದಳು. ಮುಖ್ಯ ಅತಿಥಿಗಳು ತಲೆಯಾಡಿಸಿದರು. ಆಮೇಲೆ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು, "ಎಲ್ಲಾ ಸರಿ ಕಣಮ್ಮಾ, ಇದರಿಂದ ನಮ್ಮ ಅಡಿಕೆ ಬೆಳೆಗಾರರಿಗೆ ಏನು ಉಪಯೋಗ?" ಅಂತ ಕೇಳಿದರು. ಸುತ್ತ ಇದ್ದವರೆಲ್ಲ ನಕ್ಕರು. ಅವಳ ಮೇಷ್ಟ್ರೂ ನಕ್ಕರು! "ಗೊತ್ತಿಲ್ಲ ಸಾರ್" ಅಂದಳು ಪಾಪ. ಅತಿಥಿಗಳು ಪಕ್ಕದ ಟೇಬಲ್ಲಿಗೆ ಹೋಗಿ, ಅಡಿಕೆ ಸುಲಿಯೋ ಯಂತ್ರದ ಮಾಡೆಲ್ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಗಣಿತದಲ್ಲಿ ಎಂಎಸ್ಸಿ ಮುಗಿಸಿ, ಅಪ್ಪನ ಮಾತಿಗೆ ತೋಟಕ್ಕೆ ವಾಪಸ್ ಬಂದವನು ನಾನು ಅನ್ನೋದು ನಿಮಗೆ ಗೊತ್ತೇ ಇದೆ. ಅಡಿಕೆ ಬೆಳೆಗಾರ ಅಂದರೆ ನಾನೇ ಅಲ್ವಾ? ನನ್ನ ಹೆಸರಲ್ಲಿ ಪ್ರಶ್ನೆ ಕೇಳಲು ಈ ಮಹಾಶಯರಿಗೆ ಯಾರು ಹೇಳಿದರು?

ಇಂಥವರ ಬಾಯಿ ಮುಚ್ಚಿಸೋ ರೆಡಿ ಉತ್ತರ ನನ್ನ ಹತ್ತಿರವೂ ಇದೆ. ನಾವು ಮೀನು ತರೋ ಅಂಗಡಿಯ ಕ್ಯೂಆರ್ ಸ್ಟಿಕ್ಕರ್ ನೋಡಿದ್ದೀರಾ? ಒಂದು ಮೂಲೆ ಮಳೆಗೆ ಎದ್ದಿದೆ, ಮಧ್ಯದಲ್ಲಿ ಮೀನಿನ ಹುರುಪೆ ಅಂಟಿದೆ. ಆದರೂ ಫೋನ್ ಹಿಡಿದರೆ ಟಕ್ ಅಂತ ಓದುತ್ತೆ. ಕ್ಯೂಆರ್‌ನಲ್ಲಿ ಗಟ್ಟಿ ಬಗೆಯದಾದರೆ ಸುಮಾರು ಶೇಕಡಾ 30ರಷ್ಟು ಹಾಳಾದರೂ ಉಳಿದ ಚುಕ್ಕಿಗಳಿಂದ ಲೆಕ್ಕ ಹಾಕಿ ತುಂಬಿಕೊಳ್ಳುತ್ತೆ. ಆ ಲೆಕ್ಕದ ಉಪಾಯ ಕೊಟ್ಟವರು ರೀಡ್ ಮತ್ತು ಸಾಲೊಮನ್, 1960ರಲ್ಲಿ. ಅವರು ನಿಂತಿದ್ದು ಗಾಲ್ವಾ ಅನ್ನೋ ಫ್ರೆಂಚ್ ಹುಡುಗ 1830ರಲ್ಲಿ ಬರೆದ ಗಣಿತದ ಮೇಲೆ. ಆ ಗಾಲ್ವಾ 20 ವರ್ಷಕ್ಕೇ ದ್ವಂದ್ವಯುದ್ಧದಲ್ಲಿ ಗುಂಡು ತಿಂದು ಸತ್ತ. ಬಂಗಡೆಗೆ ದುಡ್ಡು ಕೊಡಲು ಅನುಕೂಲವಾಗಲಿ ಅಂತ ಅವನು ಲೆಕ್ಕ ಮಾಡಿದ್ದಲ್ಲ.

ಜನಕ್ಕೆ ಈ ಕಥೆ ಹಿಡಿಸುತ್ತೆ. ನನಗೇ ಯಾಕೋ ಸಮಾಧಾನ ಇಲ್ಲ. "ಇವತ್ತಲ್ಲ ನಾಳೆ ಲಾಭ ಬರುತ್ತೆ ತಾಳಿ ಸ್ವಾಮಿ" ಅಂದರೆ ಅದೂ ಅವರ ಅಂಗಡಿ ಲೆಕ್ಕವೇ ಆಯ್ತಲ್ಲ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ಮಾಡಿದ ಕೆಲಸ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತು. ವಾತಾವರಣದ ನ್ಯೂಟ್ರಿನೊ ಅದಕ್ಕೂ ಮೊದಲು ಜಗತ್ತಿನಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಇದಕ್ಕೆ ನನ್ನ ಹತ್ತಿರ ಮೀನಂಗಡಿ ಕಥೆ ಇಲ್ಲ. ಹುಡುಕುವುದೂ ಇಲ್ಲ. ಆ ಚಾರ್ಟಿನ ಕೆಳಗೆ ಹುಡುಗಿ ಕೋಲಾರದ ವಿಷಯವನ್ನೂ ಬರೆದಿದ್ದಳು. ಅತಿಥಿಗಳ ಕಣ್ಣು ಅಲ್ಲಿವರೆಗೆ ಇಳಿಯಲಿಲ್ಲ.

ನಿಜ ಹೇಳಲಾ? ಅವಳ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು. ಆ ವಯಸ್ಸಿನಲ್ಲಿ ನಾನು "ಗೊತ್ತಿಲ್ಲ" ಅಂತ ಅಷ್ಟು ನೇರವಾಗಿ ಹೇಳುತ್ತಿರಲಿಲ್ಲ. ಏನೋ ಒಂದು ಉಪಯೋಗ ಕಟ್ಟಿ ಹೇಳಿಬಿಡುತ್ತಿದ್ದೆ.

ಇನ್ನೊಂದು ಕಡೆ ನೋಡಿ. ನಮ್ಮ ಹೋಬಳಿಯ ಒಂದು ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಟೇಪ್ ಕತ್ತರಿಸಿದರು, ಜಾಮೂನು ಹಂಚಿದರು. ಈಗ ಅದರ ಮೇಲೆ ಹಳೇ ಪಂಚೆ ಹೊದಿಸಿದ್ದಾರೆ. ಜೂನ್ ಬಂತು ಅಂದರೆ ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತಲ್ಲ. ಕರೆಂಟಿದ್ದ ದಿನ ಬೆಂಗಳೂರಿನ ಯಾರೋ ಮೇಷ್ಟ್ರು ಅದರಲ್ಲಿ ಓಡೋಡಿ ಪಾಠ ಮಾಡುತ್ತಾರೆ, ಭಾಗಾಕಾರ ಬರದ ಮಕ್ಕಳು ಬೀಜಗಣಿತ ನೋಡುತ್ತಾ ಕೂತಿರುತ್ತವೆ. ಏನು ಉಪಯೋಗ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಬೇಕಾದ ಜಾಗವೇ ಅದು! ಪೆರು ದೇಶದಲ್ಲಿ ಹಳ್ಳಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. ಸಂಶೋಧಕರು ಪರೀಕ್ಷೆ ಮಾಡಿ ನೋಡಿದರೆ ಗಣಿತವೂ ಮೇಲೇರಿಲ್ಲ, ಭಾಷೆಯೂ ಏರಿಲ್ಲ. ದೆಹಲಿಯಲ್ಲಿ ಇನ್ನೊಂದು ಅಧ್ಯಯನ ಆಯಿತು. ಅಲ್ಲಿನ ಸಾಫ್ಟ್‌ವೇರು ಮಗು ಯಾವ ತರಗತಿ ಅಂತ ನೋಡದೆ, ಮಗುವಿಗೆ ಎಷ್ಟು ಬರುತ್ತೆ ಅಂತ ನೋಡಿ ಲೆಕ್ಕ ಕೊಡುತ್ತಿತ್ತು. ಮಕ್ಕಳು ಚೆನ್ನಾಗಿಯೇ ಕಲಿತರು. ಅಂದರೆ ಉತ್ತರ ಇದೆ. ಬೋರ್ಡು ಕೊಳ್ಳುವವರಿಗೆ ಅದು ಬೇಕಾಗಿಲ್ಲ, ಅಷ್ಟೆ.

"ಬಡ ದೇಶ, ತೆರಿಗೆ ದುಡ್ಡು, ಕೇಳಬಾರದಾ?" ಅಂತ ನನ್ನ ಭಾವ ಫೋನಲ್ಲಿ ಕೇಳಿದ. ಕೇಳಪ್ಪಾ, ಬೇಡ ಅಂದವರು ಯಾರು? ಉಪಯೋಗ ಕಣ್ಣಿಗೆ ರಾಚುವ ಕಡೆ ಏನು ಮಾಡಿದಿರಿ ಅಂತಲೂ ಹೇಳು ಮತ್ತೆ.

ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನ ಮಲಗಿದರು. ವೈರಸ್ಸನ್ನು ಅದೇ ವರ್ಷ ಹಿಡಿದರು. ಡೆಂಗಿ ವೈರಸ್ಸಿನ ಸಂಬಂಧಿ, ಆದರೆ ಹರಡೋದು ಸೊಳ್ಳೆಯಲ್ಲ, ಉಣುಗು. ಜ್ವರ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಹೋಗುತ್ತಾರೆ. ಇದ್ದ ಲಸಿಕೆ ಡೋಸ್ ಮೇಲೆ ಡೋಸ್ ಕೊಟ್ಟರೂ ಸರಿಯಾಗಿ ಕಾಯಲಿಲ್ಲ. ಕೊನೆಗೆ ಅದನ್ನೂ ನಿಲ್ಲಿಸಿದರು. ಹೊಸದರ ಕೆಲಸ ಈಗ ನಡೆಯುತ್ತಿದೆ, ಒಳ್ಳೆಯದೇ. ವೈರಸ್ ಸಿಕ್ಕಿ ಎಷ್ಟು ಕಾಲವಾಯ್ತು ಅಂತ ನೀವೇ ಲೆಕ್ಕ ಹಾಕಿ, ಅದಕ್ಕೆ ಎಂಎಸ್ಸಿ ಬೇಕಾಗಿಲ್ಲ. ಇದರ ಉಪಯೋಗ ಏನು ಅಂತ ಯಾರಿಗಾದರೂ ಅನುಮಾನ ಇತ್ತಾ?

ಇನ್ನೂ ತಮಾಷೆ ಅಂದರೆ, ಆ ಕಾಯಿಲೆಯನ್ನು ಇವತ್ತು ರಕ್ತದಲ್ಲಿ ಬೇಗ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆ ಬಂದಿದ್ದೇ ಉಪಯೋಗ ಕೇಳದವರಿಂದ. ಅದರಲ್ಲಿ ಒಂದು ಕಿಣ್ವ ವೈರಸ್ಸಿನ ವಂಶವಾಹಿಯನ್ನು ನಕಲು ಮಾಡುತ್ತಾ ಹೋಗುತ್ತೆ, ಅದಕ್ಕೆ ಮಾದರಿಯನ್ನು ಮತ್ತೆ ಮತ್ತೆ 95 ಡಿಗ್ರಿಯ ಹತ್ತಿರ ಕಾಯಿಸಬೇಕು. ಸಾಮಾನ್ಯ ಕಿಣ್ವ ಅಷ್ಟು ಬಿಸಿಗೆ ಕೆಟ್ಟುಹೋಗುತ್ತೆ. ತಡೆದುಕೊಳ್ಳೋ ಕಿಣ್ವ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಯ ಒಂದು ಬ್ಯಾಕ್ಟೀರಿಯಾದಲ್ಲಿ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಅನ್ನೋ ವಿಜ್ಞಾನಿ ಆ ಬ್ಯಾಕ್ಟೀರಿಯಾವನ್ನು ಹುಡುಕಿದ್ದು, ಅಷ್ಟು ಬಿಸಿಯಲ್ಲಿ ಯಾರು ಬದುಕಿರಬಹುದು ಅನ್ನೋ ಕುತೂಹಲಕ್ಕೆ.

2019ರ ಹೊತ್ತಿಗೆ ಸಾಗರದ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಬ್ಬಿ ಜನ ಸತ್ತಿದ್ದು ಈ ಕಡೆಯವರಿಗೆ ನೆನಪಿದೆ. ದರಗೆಲೆ ತರಲು ಕಾಡಿಗೆ ಹೋಗುವ ಹೆಂಗಸರಿಗೆ ನಾವು ಈಗಲೂ ಕೊಡೋದು ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳೋ ಒಂದು ಬಾಟ್ಲಿ ಡೆಪಾ ಎಣ್ಣೆ, ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ ಅನ್ನೋ ಸಲಹೆ. ಅತಿಥಿಗಳೇ, ಮುಂದಿನ ಭಾಷಣಕ್ಕೆ ಹೊರಡೋ ಮುಂಚೆ ಅವರಲ್ಲಿ ಒಬ್ಬರ ಜೊತೆ ಕಾಡಿಗೆ ಹೋಗಿಬನ್ನಿ. ಎಣ್ಣೆ ನಾನೇ ಕೊಡಿಸುತ್ತೇನೆ.